ಮನೆ ನಡೆಸುವ ಕೈಗಳು

ನಮ್ಮ ಭಾಷೆಯಲ್ಲಿ ‘ಮನೆ ನಡೆಸುವುದು’ ಎಂಬ ಮಾತಿಗೆ ಇದುವರೆಗೆ ಒಂದೇ ಅರ್ಥವಿದ್ದಿತು. ಅಕ್ಕಿಬೇಳೆಯ ಲೆಕ್ಕ, ಹಾಲಿನವನ ಬಾಕಿ, ನೆಂಟರ ಉಪಚಾರ, ಮಕ್ಕಳ ಜ್ವರ ಇವನ್ನೆಲ್ಲ ತಿಂಗಳ ಕೊನೆಯವರೆಗೆ ಹೇಗೋ ದಡ ಮುಟ್ಟಿಸುವ ಕಾರ್ಯಕ್ಕೆ ನಾವು ಆ ಹೆಸರನ್ನಿಟ್ಟು, ಅದರ ಅಧಿಕಾರವನ್ನು ನಿರ್ವಿವಾದವಾಗಿ ಹೆಂಗಸಿಗೆ ಬಿಟ್ಟುಕೊಟ್ಟಿದ್ದೆವು. ಮನೆಗೇ ಆರು ಚಕ್ರಗಳನ್ನು ಜೋಡಿಸಿ, ಒಲೆ ಹಾಸಿಗೆ ಬಚ್ಚಲುಗಳ ಸಮೇತ ಅದನ್ನು ಹೆದ್ದಾರಿಯ ಮೇಲೆ ಗಂಟೆಗೆ 60 ಮೈಲಿಯ ವೇಗದಲ್ಲಿ ಓಡಿಸುವ ಅಮೆರಿಕನ್ನರ ಪದ್ಧತಿಯನ್ನು ಕಣ್ಣಾರೆ ಕಂಡಮೇಲೆ, ಆ ಮಾತಿಗೆ ಎರಡನೆಯದೊಂದು ಅರ್ಥವೂ ಉಂಟೆಂದು ನನಗೆ ಹೊಳೆಯಿತು. ಹೊಳೆದೊಡನೆಯೇ ಒಂದು ವೈಚಿತ್ರ್ಯವೂ ಕಣ್ಣಿಗೆ ಬಿದ್ದಿತು. ಮೊದಲನೆಯ ಅರ್ಥದಲ್ಲಿ ಮನೆ ನಡೆಸುವವಳು ಎರಡನೆಯ ಅರ್ಥದಲ್ಲಿ ಬಹುಮಟ್ಟಿಗೆ ಪಕ್ಕದ ಆಸನದಲ್ಲಿ ಕೈಕಟ್ಟಿ ಕುಳಿತಿರುತ್ತಾಳೆ.

ಕೆಲವು ವರ್ಷಗಳ ಕೆಳಗೆ, ಆ ದೇಶದಲ್ಲಿ ನೆಲಸಿರುವ ನನ್ನ ತಂಗಿಯ ಮಗಳ ಸಂಸಾರದೊಡನೆ, ಬಾಡಿಗೆಗೆ ಹಿಡಿದ ಮೋಟರ್‌ಹೋಮೊಂದರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯೋದ್ಯಾನವನ್ನು ನೋಡಲು ಹೋಗಿದ್ದಾಗ, ವೆಸ್ಟ್ ಯೆಲ್ಲೊಸ್ಟೋನ್ ಎಂಬ ಊರಿನ ಹೊರಗಿನ ಬಿಡಾರವೊಂದರಲ್ಲಿ ಎರಡು ರಾತ್ರಿ ತಂಗಿದ್ದೆವು. ಸಂಜೆ ಐದು ಗಂಟೆಯಾಗುವುದೇ ತಡ, ಮೊದಲೇ ಬಂದು ನೆಲೆಗೊಂಡವರೆಲ್ಲ ಮಡಿಸುವ ಕುರ್ಚಿಗಳನ್ನು ದಾರಿಗೆದುರಾಗಿ ಹಾಕಿಕೊಂಡು, ನಮ್ಮೂರ ಅರಳಿಕಟ್ಟೆಯವರಂತೆ, ಬರುವವರನ್ನು ನಿರೀಕ್ಷಿಸುತ್ತ ಕೂರುವರು. ಬಂದ ವಾಹನ ತನಗೆ ಗೊತ್ತಾದ ಅಂಕಣವನ್ನು ಹಿಮ್ಮುಖವಾಗಿ ಸೇರಬೇಕು. ಗಂಡ ಚಕ್ರ ಹಿಡಿದಿರುತ್ತಾನೆ. ಹೆಂಡತಿ ಇಳಿದು ಹಿಂದೆ ನಿಂತು ಕೈಬೀಸುತ್ತಾಳೆ. ಅವಳು ನಿಂತ ಜಾಗ ಅವನ ಕನ್ನಡಿಗೆ ಕಾಣದು, ಅವಳ ಎಡ ಅವನಿಗೆ ಬಲವಾಗುವುದು, ಎಂಜಿನ್ನಿನ ಸದ್ದಿನಲ್ಲಿ ‘ಸಾಕು’ ಎಂದದ್ದು ‘ಬಾ’ ಎಂದು ಕೇಳಿಸುವುದು. ಕೊನೆಗೆ ಪೈನ್ ಮರದ ಕೊಂಬೆಯೋ ನೀರಿನ ನಲ್ಲಿಯ ಕಂಬವೋ ವ್ಯಾಜ್ಯವನ್ನು ತೀರ್ಮಾನಿಸುವುದು. ಇದು ಬಿಡಾರದ ಪುಕ್ಕಟೆ ನಾಟಕವೆಂದು ಆ ಜನ ತಾವೇ ಹೇಳಿಕೊಂಡು ನಗುವರು. ಎರಡನೆಯ ಸಂಜೆ 40 ಅಡಿ ಉದ್ದದ ವಾಹನವೊಂದು ಬಂದಿತು. ಚಕ್ರದ ಮುಂದೆ ಎಪ್ಪತ್ತರ ಆಸುಪಾಸಿನ ಹೆಂಗಸು. ಆಕೆ ನಿಲ್ಲಿಸಿ ಇಳಿದಳು, ಅಂಕಣವನ್ನು ಒಂದು ಸುತ್ತು ಬಂದಳು, ಕತ್ತೆತ್ತಿ ಕೊಂಬೆಗಳನ್ನು ನೋಡಿದಳು. ಹತ್ತಿ ಅರ್ಧದವರೆಗೆ ಹಿಂದೆ ಸರಿಸಿ ಮತ್ತೆ ಇಳಿದಳು, ಮತ್ತೆ ನೋಡಿದಳು. ತರುವಾಯ ಆ ಗಜಕಾಯವನ್ನು ಕಂಬಕ್ಕೂ ಮೇಜಿಗೂ ನಡುವೆ ನಿರಾಯಾಸವಾಗಿ ತಂದು ನಿಲ್ಲಿಸಿದಳು. ನಾಟಕವೇನೂ ನಡೆಯದ್ದರಿಂದ ಪ್ರೇಕ್ಷಕರು ಕುರ್ಚಿಗಳನ್ನು ಬೇರೆ ಕಡೆಗೆ ತಿರುಗಿಸಿಕೊಂಡರು. ಆಕೆ ಎರಡು ಸಲ ಇಳಿದಳಲ್ಲ, ಅದರ ವಿಚಾರವೇ ಈ ಲೇಖನ.

ವಸ್ತುವಿನ ಗಾತ್ರವನ್ನು ಮೊದಲು ಹೇಳಬೇಕು. ಮೋಟರ್‌ಹೋಮುಗಳನ್ನು ಅಲ್ಲಿ ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ಬಿ ಎಂಬುದು ವ್ಯಾನು. ಸಿ ಎಂಬುದು ಲಾರಿಯ ಮುಖಕ್ಕೆ ಮನೆಯನ್ನು ಅಂಟಿಸಿ, ಚಾಲಕನ ನೆತ್ತಿಯ ಮೇಲೊಂದು ಅಟ್ಟವನ್ನಿಟ್ಟಂಥದು. ಎ ಎಂಬುದು ಸಾಕ್ಷಾತ್ ಬಸ್ಸು. ಈ ಎ ವರ್ಗದ ದೊಡ್ಡ ವಾಹನಗಳು 45 ಅಡಿಯವರೆಗೆ ಉದ್ದ, ಎಂಟೂವರೆ ಅಡಿ ಅಗಲ, 12ರಿಂದ 13 ಅಡಿ ಎತ್ತರವಿದ್ದು, 30,000 ಪೌಂಡುಗಳನ್ನು, ಎಂದರೆ ಹದಿಮೂರೂವರೆ ಸಾವಿರ ಕಿಲೋಗಳನ್ನು, ಸುಲಭವಾಗಿ ಮೀರುತ್ತವೆ. ಬೆಂಗಳೂರಿನ ನಗರಸಾರಿಗೆಯ 12 ಮೀಟರಿನ ಬಸ್ಸನ್ನು ನೆನೆದುಕೊಂಡರೆ 40 ಅಡಿಯ ಮನೆಯ ಪ್ರಮಾಣ ಮನಸ್ಸಿಗೆ ಬರುವುದು. ಅಂತರರಾಜ್ಯ ಹೆದ್ದಾರಿಯ ಒಂದು ಪಥದ ಅಗಲ 12 ಅಡಿ. ಮನೆಯನ್ನು ಅದರಲ್ಲಿ ನಟ್ಟನಡುವೆ ಇಟ್ಟರೂ ಒಂದೊಂದು ಪಕ್ಕದಲ್ಲಿ ಉಳಿಯುವುದು ಒಂದೂಮುಕ್ಕಾಲು ಅಡಿ ಮಾತ್ರ.

ಇಷ್ಟು ಭಾರವನ್ನು ತಿರುಗಿಸಲು ತೋಳ್ಬಲ ಬೇಕೆಂಬ ಭಾವನೆ ಇಂದಿಗೂ ಅಳಿದಿಲ್ಲ. ಅದಕ್ಕೊಂದು ಕಾಲದಲ್ಲಿ ಆಧಾರವಿದ್ದಿತು. ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ದಿನಗಳಲ್ಲಿ ಅದು ಎದುರೇಟು ಕೊಟ್ಟು ಗಂಡಸರ ಮುಂಗೈಯನ್ನೂ ಮುರಿಯುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂದು ಆ ತೊಡಕನ್ನು ನೀಗಿಸಿತು. 1951ರಲ್ಲಿ ಕ್ರೈಸ್ಲರ್ ಕಂಪನಿ ಪವರ್ ಸ್ಟಿಯರಿಂಗನ್ನು ಮಾರುಕಟ್ಟೆಗೆ ತಂದಿತು. ಗೇರುಗಳು ತಾವಾಗಿಯೇ ಬದಲಾಗತೊಡಗಿದವು. ಭಾರಿ ವಾಹನಗಳ ಬ್ರೇಕನ್ನು ಒತ್ತಡದ ಗಾಳಿ ಹಿಡಿಯತೊಡಗಿತು. ಈಗಿನ ಡೀಸೆಲ್ ಮೋಟರ್‌ಹೋಮಿನ ಸ್ಟಿಯರಿಂಗನ್ನು ಎರಡು ಬೆರಳುಗಳಿಂದ ತಿರುಗಿಸಬಹುದು. ಬಲ ಬೇಕಾದದ್ದು ಮುಗಿದು ಮುಕ್ಕಾಲು ಶತಮಾನವಾದರೂ ಬಲದ ಮಾತು ಮಾತ್ರ ಉಳಿದುಕೊಂಡಿದೆ.

ಇತಿಹಾಸವನ್ನು ನೋಡಿದರೆ ಆ ಮಾತು ಬಲ ಬೇಕಾಗಿದ್ದ ದಿನಗಳಲ್ಲಿಯೂ ಪೂರ್ತಿ ನಿಜವಾಗಿರಲಿಲ್ಲವೆಂದು ತೋರುವುದು. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ತನ್ನ ಪತಿ ಕಾರ್ಲ್ ಬೆಂಜನಿಗೆ ಹೇಳದೆ, ಅವನೇ ನಿರ್ಮಿಸಿದ ಮೂರು ಗಾಲಿಯ ಯಂತ್ರದಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು; ಇಂಧನ ತೀರಿದಾಗ ವೀಸ್‌ಲೋಹ್ ಎಂಬ ಊರಿನ ಔಷಧದಂಗಡಿಯಲ್ಲಿ ಕೊಂಡಳು; ಬ್ರೇಕಿನ ಮರ ಸವೆದಾಗ ಅದಕ್ಕೆ ಮೋಚಿಯಿಂದ ಚರ್ಮ ಹೊಡೆಯಿಸಿದಳು. ಮೋಟಾರು ವಾಹನದ ಪ್ರಥಮ ದೀರ್ಘಯಾತ್ರೆಯೇ ಗಂಡನನ್ನು ಕೇಳದೆ ಹೊರಟ ಹೆಂಡತಿಯದೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದಲ್ಲಿ 1909ರ ಜೂನ್ 9ರಂದು ಆಲಿಸ್ ರ‍್ಯಾಮ್ಸಿ ಎಂಬ 22 ವರ್ಷದ ಗೃಹಿಣಿ ನ್ಯೂಯಾರ್ಕಿನಿಂದ ಹೊರಟು 59 ದಿನಗಳಲ್ಲಿ, ಸುಮಾರು 3,800 ಮೈಲಿ ಕ್ರಮಿಸಿ, ಸ್ಯಾನ್ ಫ್ರಾನ್ಸಿಸ್ಕೊ ಸೇರಿದಳು. ಜೊತೆಗಿದ್ದ ಮೂವರು ಹೆಂಗಸರಲ್ಲಿ ಒಬ್ಬರಿಗೂ ಓಡಿಸಲು ಬಾರದು. ಟೈರುಗಳನ್ನು ಹನ್ನೊಂದು ಸಲ ಬದಲಾಯಿಸಬೇಕಾಯಿತು. ಆ ಯಾತ್ರೆಗೆ ಬೆಂಬಲವಾಗಿ ನಿಂತ ಕಾರಿನ ಕಂಪನಿಗೆ ಸ್ತ್ರೀಸ್ವಾತಂತ್ರ್ಯದ ಚಿಂತೆಯೇನೂ ಇರಲಿಲ್ಲ. ಹೆಂಗಸೂ ಓಡಿಸಬಹುದಾದಷ್ಟು ನಂಬಿಕೆಯ ಗಾಡಿ ಎಂಬ ಜಾಹೀರಾತು ಬೇಕಾಗಿತ್ತು. ಪ್ರಶಂಸೆಯ ಒಳಗೇ ಅಡಗಿರುವ ಈ ಅವಮಾನ ಇಂದಿನ ಬಿಡಾರಗಳಲ್ಲಿಯೂ ಕೇಳಿಬರುವುದುಂಟು.

ಭಾರಿ ವಾಹನದ ವಿಷಯಕ್ಕೆ ಬಂದರೆ, ಟೆಕ್ಸಾಸಿನ ಲಿಲ್ಲಿ ಡ್ರೆನನ್ ಎಂಬಾಕೆಯನ್ನು ಮರೆಯುವಂತಿಲ್ಲ. 1929ರಲ್ಲಿ ಲಾರಿ ಓಡಿಸುವ ಪರವಾನಗಿಯನ್ನು ಕೇಳಿದಾಗ ಆಕೆಯ ಕಿವಿ ಮಂದವೆಂದು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ತನ್ನ ಅಪಘಾತರಹಿತ ದಾಖಲೆಗೆ ಸರಿಗಟ್ಟುವ ಗಂಡಸನ್ನು ತೋರಿಸಿರೆಂದು ಸವಾಲೆಸೆದು ಆಕೆ ಪರವಾನಗಿ ಪಡೆದಳು, ಸ್ವಂತ ಲಾರಿ ಕಂಪನಿಯನ್ನೂ ನಡೆಸಿದಳು. ಎಲ್ಲರೂ ಹಾಗೆ ನಿಪುಣೆಯರೇ ಆಗಿದ್ದರೆಂದು ನಾನು ಹೇಳುವುದಿಲ್ಲ. ಪ್ರಸಿದ್ಧ ಲೇಖಕಿ ಗರ್ಟ್ರೂಡ್ ಸ್ಟೈನ್ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಆಸ್ಪತ್ರೆಗಳಿಗೆ ಸಾಮಾನು ಸಾಗಿಸಲು ಫೋರ್ಡ್ ಗಾಡಿಯೊಂದನ್ನು ಓಡಿಸಿದವಳು. ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಿದ್ದಳಂತೆ, ಹಿಂದಕ್ಕೆ ತೆಗೆಯುವ ವಿದ್ಯೆ ಮಾತ್ರ ಕೊನೆಯವರೆಗೂ ಹತ್ತಲಿಲ್ಲವಂತೆ. ರಿವರ್ಸಿನ ಭಯ ಮಹಾಪ್ರತಿಭೆಗೂ ತಪ್ಪಿದ್ದಲ್ಲವೆಂಬುದು ನಮ್ಮಂಥವರಿಗೆ ಸಮಾಧಾನ.

ಮೋಟರ್‌ಹೋಮಿನ ಹೆಂಗಸರಿಗೆ ಅಲ್ಲಿಯ ಹಿರಿಯರು ಕೊಡುವ ಸಾಂಪ್ರದಾಯಿಕ ಉಪದೇಶವೊಂದುಂಟು: ನೀವೂ ಸ್ವಲ್ಪ ಕಲಿತಿರಬೇಕು, ಯಜಮಾನರಿಗೆ ದಾರಿಯಲ್ಲಿ ಎದೆನೋವು ಬಂದರೆ ಏನು ಗತಿ? ಉಪದೇಶ ಸದುದ್ದೇಶದ್ದೇ. ಈ ಬಾಳನ್ನು ಆರಿಸಿಕೊಂಡವರಲ್ಲಿ ನಿವೃತ್ತರು ಬಹಳ. ಮನೆಯನ್ನು ಮಾರಿ ವರ್ಷವಿಡೀ ಚಕ್ರಗಳ ಮೇಲೆಯೇ ಇರುವವರೂ ಇದ್ದಾರೆ. ಅಂಥವರಲ್ಲಿ ಗಂಡ ಹಾಸಿಗೆ ಹಿಡಿದರೆ ಹೆಂಡತಿ ತನ್ನ ಮನೆಯಲ್ಲಿದ್ದೂ ಅನಾಥೆಯಾಗಿ, ಗೊತ್ತಿಲ್ಲದ ಊರಿನ ಬಯಲಲ್ಲಿ ಸಿಕ್ಕಿಕೊಳ್ಳುವಳು. ನಮ್ಮ ಪುರಾಣದಲ್ಲಿ ಇದಕ್ಕೊಂದು ನಿದರ್ಶನವುಂಟು. ರಣರಂಗದಲ್ಲಿ ಮೂರ್ಛೆ ಹೋದ ದಶರಥನನ್ನು ರಥ ನಡೆಸಿ ಪಾರುಮಾಡಿದವಳು ಕೈಕೇಯಿ. ಅಚ್ಚಿನ ಕೀಲು ಕಳಚಿದಾಗ ಬೆರಳನ್ನೇ ಕೊಟ್ಟಳೆಂದು ಜನರ ಕತೆ. ಆಕೆಗೆ ದೊರೆತ ವರಗಳು ಏನು ಅನರ್ಥ ಮಾಡಿದುವೆಂಬುದನ್ನು ಸಾವಿರಾರು ವರ್ಷಗಳಿಂದ ಚರ್ಚಿಸಿದ್ದೇವೆ. ಆಕೆ ರಥ ನಡೆಸುವುದನ್ನು ಕಲಿತದ್ದು ಯಾವಾಗ, ಎಲ್ಲಿ, ಯಾರಿಂದ ಎಂದು ಕೇಳಿದವರನ್ನು ನಾನು ಕಾಣೆ. ಆ ದಿನ ಕಲಿತದ್ದಂತೂ ಅಲ್ಲ. ಆಪತ್ಕಾಲವೆಂಬುದು ಕಲಿತದ್ದನ್ನು ಪ್ರಯೋಗಿಸುವ ಹೊತ್ತೇ ಹೊರತು ಕಲಿಯುವ ಹೊತ್ತಲ್ಲ. ಆಂಬುಲೆನ್ಸಿನ ನಂಬರನ್ನು ಒತ್ತುವ ಕೈ ಅದೇ ಮೊದಲ ಸಲ 14 ಟನ್ನಿನ ವಾಹನದ ಚಕ್ರ ಹಿಡಿಯುವಂತಾದರೆ ಒಂದು ಆಪತ್ತು ಎರಡಾಗುವುದು. ಇದಕ್ಕಿಂತ ದೊಡ್ಡ ದೋಷ ಆ ಉಪದೇಶದಲ್ಲಿ ಇನ್ನೊಂದಿದೆ. ಗಂಡನಿಗೆ ಖಾಯಿಲೆಯಾದರೆ ಮಾತ್ರ ನಿನ್ನ ಸರದಿ ಎಂದು ಅದು ಹೇಳುತ್ತದೆ. ಹೊಲಗಳ ನಡುವಿನ ನೇರ ದಾರಿಯಲ್ಲಿ, ಬೆಳಗಿನ ಬಿಸಿಲಿನಲ್ಲಿ, ಸುಮ್ಮನೆ ಸಂತೋಷಕ್ಕಾಗಿ ತನ್ನ ಮನೆಯನ್ನು ತಾನು ಓಡಿಸುವ ಆಸೆ ಹೆಂಗಸಿಗೆ ಇರಬಹುದೆಂಬ ಕಲ್ಪನೆಯೇ ಅದರಲ್ಲಿಲ್ಲ.

ಹೆಂಗಸಿಗೆ ಈ ವಾಹನದ ಭಯ ಹುಟ್ಟುವುದಾದರೂ ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಆ ಪಕ್ಕದ ಆಸನದಲ್ಲಿಯೇ. ಎ ವರ್ಗದ ಮೋಟರ್‌ಹೋಮಿಗೆ ಮೂತಿಯೆಂಬುದಿಲ್ಲ. ಮುಂದಿನ ಗಾಜು ಮೊಣಕಾಲಿನಿಂದ ನೆತ್ತಿಯವರೆಗೆ ಹರಡಿರುವುದು. ಅಮೆರಿಕದಲ್ಲಿ ಚಾಲಕ ಎಡಗಡೆ, ರಸ್ತೆಯ ಮಧ್ಯಭಾಗಕ್ಕೆ ಹತ್ತಿರ ಕೂರುವನು. ಬಲಗಡೆ ಕುಳಿತವಳ ಪಾದದ ಕೆಳಗೇ ದಾರಿಯ ಅಂಚಿನ ಬಿಳಿಯ ಗೆರೆ, ಗೆರೆಯಾಚೆ ಜಲ್ಲಿ, ಬೆಟ್ಟದ ದಾರಿಯಾದರೆ ಜಲ್ಲಿಯಾಚೆ ಶೂನ್ಯ. ತಡೆಗೋಡೆ, ಸೂಚನಾಫಲಕ, ಸೇತುವೆಯ ಕಂಬ ಇವೆಲ್ಲ ಅವಳ ಮೈಮೇಲೆಯೇ ಬರುತ್ತವೆ. ನಿಯಂತ್ರಣವೆಲ್ಲ ಬೇರೊಬ್ಬರ ಕೈಯಲ್ಲಿ. ಹತ್ತು ವರ್ಷ ಆ ಸ್ಥಾನದಲ್ಲಿ ಕುಳಿತವಳು ಈ ವಾಹನ ಭಯಂಕರವೆಂದು ತೀರ್ಮಾನಿಸಿದರೆ ಆಶ್ಚರ್ಯವೇನು? ಅದೇ ವಾಹನ ಎಡಗಡೆಯ ಆಸನದಿಂದ ಬೇರೆಯಾಗಿ ಕಾಣುವುದೆಂದು, ಜಾಗ ಬದಲಾಯಿಸಿದ ಮೊದಲ ದಿನವೇ ಅರ್ಧ ಭಯ ಹೋಯಿತೆಂದು, ನಾನು ಮಾತನಾಡಿಸಿದ ಹೆಂಗಸರಲ್ಲಿ ಇಬ್ಬರು ಮೂವರು ಬೇರೆ ಬೇರೆ ಮಾತುಗಳಲ್ಲಿ ಹೇಳಿದರು.

ಉಳಿದರ್ಧ ಭಯದ ಸ್ವರೂಪ ಬೇರೆ. ಅದು ಯಂತ್ರದ ಭಯವಲ್ಲ, ಹಿಂದಿನವರಿಗೆ ತೊಂದರೆಯಾದೀತೆಂಬ ಸಂಕೋಚ. ಜನರ ನಡುವೆ ಮೈಯನ್ನು ಹಿಡಿಮಾಡಿಕೊಂಡು, ದಾರಿ ಬಿಟ್ಟು, ಬೇಗ ಸರಿದುಕೊಳ್ಳುವುದನ್ನು ಸೌಜನ್ಯವೆಂದು ಎಲ್ಲ ದೇಶಗಳ ಹೆಣ್ಣುಮಕ್ಕಳಿಗೂ ಕಲಿಸಿರುವರಷ್ಟೆ. ದೊಡ್ಡ ವಾಹನವಾದರೋ ಆ ಸೌಜನ್ಯವನ್ನು ಸಹಿಸುವುದಿಲ್ಲ. ಅದನ್ನು ಓಡಿಸುವ ಒಂದೊಂದು ವಿದ್ಯೆಯೂ ಸ್ಥಳವನ್ನೋ ಕಾಲವನ್ನೋ ಕ್ಷಮೆ ಕೇಳದೆ ತೆಗೆದುಕೊಳ್ಳುವ ವಿದ್ಯೆಯೇ ಆಗಿದೆ.

ತಿರುವನ್ನೇ ತೆಗೆದುಕೊಳ್ಳಿ. ಕಾರಿನವರು ಮೂಲೆ ಕಂಡೊಡನೆ ಚಕ್ರ ತಿರುಗಿಸುವರು. ಎ ವರ್ಗದ ವಾಹನದಲ್ಲಿ ಚಾಲಕಿಯ ಆಸನ ಮುಂಚಕ್ರಗಳಿಗಿಂತ ಮುಂದಿದೆ. ಹಿಂಚಕ್ರಗಳು ಇಪ್ಪತ್ತು ಅಡಿಗೂ ಹಿಂದೆ ಇದ್ದು, ಮುಂದಿನವು ಹೋದ ಜಾಡನ್ನು ಬಿಟ್ಟು ಒಳಗಡೆಗೆ ಕತ್ತರಿಸಿಕೊಂಡು ಬರುವುವು. ಆದಕಾರಣ ಆಕೆ ತನ್ನ ದೇಹ ಮೂಲೆಯನ್ನು ದಾಟುವವರೆಗೆ, ಎದುರಿನವರ ಮೈಮೇಲೆ ಹೋದೆನೋ ಎನಿಸುವವರೆಗೆ, ಚೌಕದ ಒಳಕ್ಕೆ ನೇರವಾಗಿ ನುಗ್ಗಿ ಅನಂತರ ತಿರುಗಿಸಬೇಕು. ಬೇಕಾದರೆ ಎರಡು ಪಥಗಳನ್ನೂ ಆಕ್ರಮಿಸಬೇಕು. ಸಂಕೋಚದಿಂದ ಮೊದಲೇ ತಿರುಗಿಸಿದವಳ ಹಿಂಗಾಲಿ ಪಾದಚಾರಿಗಳ ಕಟ್ಟೆ ಹತ್ತುವುದು. ಇಲ್ಲಿ ನಾಚಿಕೆಯೇ ಅಪಾಯ.

ಬಾಲದ ಬೀಸು ಇನ್ನೊಂದು. ಹಿಂದಿನ ಅಚ್ಚಿನಾಚೆಗೆ ಚಾಚಿಕೊಂಡಿರುವ ಭಾಗ, ವಾಹನ ಎಡಕ್ಕೆ ತಿರುಗಿದಾಗ ಬಲಕ್ಕೂ, ಬಲಕ್ಕೆ ತಿರುಗಿದಾಗ ಎಡಕ್ಕೂ ಬೀಸುವುದು. ಚಾಚಿದ ಮೂರು ಅಡಿಗೆ ಒಂದು ಅಡಿ ಬೀಸೆಂದು ಅನುಭವಿಗಳ ಸ್ಥೂಲ ಲೆಕ್ಕ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕದಿಂದ ಹೊರಡುವಾಗ ಚಕ್ರವನ್ನು ಥಟ್ಟನೆ ಹೊರಗಡೆಗೆ ತಿರುಗಿಸಿದವರ ಬಾಲ ಪಂಪನ್ನೇ ಅಪ್ಪಳಿಸೀತೆಂದು ಅಲ್ಲಿ ಹಳದಿಯ ಕಂಬಗಳನ್ನು ನೆಟ್ಟಿರುತ್ತಾರೆ. ಆ ಕಂಬಗಳ ಮೇಲಿನ ಬಣ್ಣಬಣ್ಣದ ಗೀರುಗಳು ಆ ಶಾಸ್ತ್ರದ ಪಠ್ಯಪುಸ್ತಕವೆನ್ನಬಹುದು. ನನ್ನ ಸೋದರಸೊಸೆ ಇದನ್ನು ಕಲಿತ ರೀತಿಯನ್ನು ನಾನು ನೋಡಿದ್ದೇನೆ. ಭಾನುವಾರದ ಮುಂಜಾನೆ, ಇನ್ನೂ ಬಾಗಿಲು ತೆರೆಯದ ದೊಡ್ಡ ಅಂಗಡಿಯೊಂದರ ಖಾಲಿ ಬಯಲಿನಲ್ಲಿ, ನೆಲದ ಬಿಳಿಯ ಗೆರೆಗೆ ಸರಿಯಾಗಿ ಚಕ್ರಗಳು ಬರುವಂತೆ ಮನೆಯನ್ನು ನಿಲ್ಲಿಸಿ, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ, ಇರುವೆಯ ವೇಗದಲ್ಲಿ ಮುಂದಕ್ಕೆ ಬಿಟ್ಟಳು. ಬಾಲ ಗೆರೆಯನ್ನು ದಾಟಿ ಎಲ್ಲಿಯವರೆಗೆ ಬಂದಿತೋ ಅಲ್ಲೊಂದು ಕಲ್ಲನ್ನಿಡುವುದು ನನ್ನ ಕೆಲಸ. ಟೇಪು ಹಿಡಿದು ಅಳೆದರೆ ಮೂರು ಅಡಿಗೆ ಎರಡಂಗುಲ ಕಡಮೆ. ನಮ್ಮದು ಸಿ ವರ್ಗದ 30 ಅಡಿಯ ಸಾಮಾನ್ಯ ಗಾಡಿ, ಆದರೂ ಅಷ್ಟು. ಆಕೆ ಆ ಅಂಕಿಯನ್ನು ಚೀಟಿಯಲ್ಲಿ ಬರೆದು, ವಾಹನದ ಎತ್ತರ ಬರೆದಿದ್ದ ಚೀಟಿಯ ಪಕ್ಕದಲ್ಲಿ, ಚಕ್ರದ ಎದುರಿಗೆ ಅಂಟಿಸಿದಳು. ಅದುವರೆಗೆ ‘ಏನೋ ಹಿಂದೆ ಬರುತ್ತದೆ’ ಎಂಬ ಅಮೂರ್ತ ಭೀತಿಯಾಗಿದ್ದದ್ದು ಎರಡಡಿ ಹತ್ತಂಗುಲವೆಂಬ ವ್ಯಾವಹಾರಿಕ ಸಂಗತಿಯಾಯಿತು.

ಎತ್ತರದ ಚೀಟಿಯ ಮಾತು ಬಂದಿತಲ್ಲ. ಮನೆಯ ಎತ್ತರವೆಷ್ಟೆಂದು ಯಾವ ಗೃಹಸ್ಥನನ್ನಾದರೂ ಹಠಾತ್ತನೆ ಕೇಳಿ ನೋಡಿ, ತಬ್ಬಿಬ್ಬಾಗುವನು. ಇಲ್ಲಿ ಅದು ಕಂಠಸ್ಥವಾಗಿರಬೇಕು. ಉತ್ತರ ಕೆರೊಲೈನದ ಡರಮ್ ನಗರದಲ್ಲಿ ಬಹುಕಾಲ 11 ಅಡಿ 8 ಅಂಗುಲ ಎತ್ತರವಿದ್ದ ರೈಲ್ವೆ ಸೇತುವೆಯೊಂದು ಎಷ್ಟೋ ವಾಹನಗಳ ಮಾಡನ್ನು ಡಬ್ಬಿಯ ಮುಚ್ಚಳದಂತೆ ಸುಲಿದು ಪ್ರಸಿದ್ಧವಾಯಿತು; 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರೂ ದೊಡ್ಡ ಮೋಟರ್‌ಹೋಮಿಗೆ ಅದು ಸಾಲದು. ಇಳಿಜಾರಿನ ಪಾಠವೂ ಕಾಲವನ್ನು ತೆಗೆದುಕೊಳ್ಳುವ ಪಾಠವೇ. ವಯೋಮಿಂಗಿನ ಟೀಟನ್ ಪಾಸಿನಲ್ಲಿ ದಾರಿ ನೂರಕ್ಕೆ ಹತ್ತರಂತೆ ಇಳಿಯುತ್ತದೆ. ಅಂಥ ಕಡೆ ಇಳಿಯುವುದಕ್ಕೆ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನನ್ನೇ ಲಗಾಮಾಗಿಸಿಕೊಂಡು, ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ ಗಟ್ಟಿಯಾಗಿ ಒತ್ತಿ ಬಿಡುತ್ತ ನಿಧಾನವಾಗಿ ಬರಬೇಕು. ಹಿಂದಿನ ಹತ್ತು ಕಾರುಗಳು ಗೊಣಗಿದರೆ ಗೊಣಗಲಿ. ಅಗಲವಾದ ಜಾಗ ಸಿಕ್ಕಾಗ ಪಕ್ಕಕ್ಕೆ ಸರಿದು ಬಿಟ್ಟುಕೊಟ್ಟರಾಯಿತು. ನಮ್ಮ ಚಾರ್ಮಾಡಿ ಘಾಟಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಿಮ್ಮುಖ ಚಾಲನೆಗೆ ಅಮೆರಿಕದ ಲಾರಿಯವರಲ್ಲಿ ಒಂದೇ ಸೂತ್ರ: ಇಳಿ, ನೋಡು. ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಗೋಲ್’ ಎನ್ನುತ್ತಾರೆ. ಕನ್ನಡಿಗಳು ಸಮತಲದ್ದೊಂದು, ಉಬ್ಬಿನದೊಂದು ಎಂದು ಎರಡೆರಡಿದ್ದರೂ, ಹಿಂದುಗಡೆ ಕ್ಯಾಮರಾ ಇದ್ದರೂ, ಕೊಂಬೆಯನ್ನೂ ನೆಲದ ಗುಂಡಿಯನ್ನೂ ತೋರಿಸುವುದು ಸ್ವಂತ ಕಣ್ಣೇ. ಹಿಂದೆ ನಿಂತು ಸನ್ನೆ ಮಾಡುವವರೊಡನೆ ಸಂಕೇತಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅವರು ಕನ್ನಡಿಯಿಂದ ಮರೆಯಾದ ಕ್ಷಣವೇ ನಿಲ್ಲಿಸಬೇಕು. ಇಷ್ಟೇ ವಿದ್ಯೆ. ಇದರಲ್ಲಿ ಕಷ್ಟವಾದದ್ದು ಒಂದೇ, ಎಲ್ಲರೂ ನೋಡುತ್ತಿರುವಾಗ ಇಳಿಯುವುದು. ಗಂಡಸು ಇಳಿಯದಿರುವುದು ಅಭಿಮಾನದಿಂದ, ಹೆಂಗಸು ಇಳಿಯದಿರುವುದು ಸಂಕೋಚದಿಂದ. ಕಂಬಕ್ಕೆ ಮಾತ್ರ ಎರಡೂ ಒಂದೇ.

ನೋಡುವವರ ದೃಷ್ಟಿಗೆ ಇಷ್ಟು ಶಕ್ತಿಯುಂಟೆ ಎಂದು ಸಂದೇಹಪಡುವವರಿಗೆ ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗವೊಂದನ್ನು ಹೇಳಬಹುದು. ಯುಂಗ್ ಮತ್ತು ಫಾನ್ ಹಿಪ್ಪೆಲ್ ಎಂಬ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಹೆಂಗಸರನ್ನು ಕೃತಕ ಚಾಲನಾಯಂತ್ರದಲ್ಲಿ ಕೂರಿಸಿ, ಅವರಲ್ಲಿ ಕೆಲವರಿಗೆ ಮಾತ್ರ ಹೆಂಗಸರು ಗಂಡಸರಿಗಿಂತ ಕೆಟ್ಟ ಚಾಲಕರೇಕೆಂಬುದನ್ನು ಪರೀಕ್ಷಿಸುತ್ತಿದ್ದೇವೆಂದು ಮೊದಲೇ ಹೇಳಿದರು. ಹಾಗೆ ಹೇಳಿಸಿಕೊಂಡವರು, ರಸ್ತೆಗೆ ಅಡ್ಡಬಂದ ಪಾದಚಾರಿಗೆ ಡಿಕ್ಕಿ ಹೊಡೆಯುವ ಸಂಭವ ಹೇಳಿಸಿಕೊಳ್ಳದವರಿಗಿಂತ ಎರಡು ಪಟ್ಟಿಗೂ ಮಿಕ್ಕಿತ್ತು. ಕೈ ಅದೇ, ಕಣ್ಣು ಅದೇ. ಮಧ್ಯೆ ಬಿದ್ದದ್ದು ಒಂದು ಮಾತು. ಆತ್ಮವಿಶ್ವಾಸದ ಮೂಲಗಳನ್ನು ವಿವೇಚಿಸಿದ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕನ್ನು ಹೆಸರಿಸಿದರು. ಸ್ವತಃ ಮಾಡಿ ಗೆದ್ದ ಅನುಭವ ಅವುಗಳಲ್ಲಿ ಪ್ರಬಲವಾದದ್ದು. ತನ್ನಂಥವರು ಮಾಡುವುದನ್ನು ನೋಡುವುದು, ಪರರ ಪ್ರೋತ್ಸಾಹದ ಮಾತು, ತನ್ನ ದೇಹದ ಉದ್ವೇಗವನ್ನು ತಾನು ಅರ್ಥಮಾಡಿಕೊಳ್ಳುವ ಬಗೆ ಇವು ಉಳಿದವು. ಮೊದಲು ಧೈರ್ಯ ಬರಲಿ, ಆಮೇಲೆ ಓಡಿಸುತ್ತೇನೆ ಎನ್ನುವವಳು ಈಜು ಬಂದಮೇಲೆ ನೀರಿಗಿಳಿಯುವೆನೆಂದಂತೆ.

ಎರಡನೆಯ ಮೂಲ ಇಲ್ಲಿ ವಿಶೇಷವಾಗಿ ಫಲಿಸಿದೆಯೆಂದು ನನಗೆ ತೋರುತ್ತದೆ. ಗಂಡನಿಂದ ಕಲಿಯುವುದು ಹಲವರ ಅನುಭವದಲ್ಲಿ ಕಷ್ಟ. ನಲವತ್ತು ವರ್ಷ ಓಡಿಸಿದವನಿಗೆ ತಾನು ಬಲ್ಲದ್ದು ಮಾತಿಗೆ ಬರುವುದಿಲ್ಲ. ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿರುತ್ತಾನೆ. ಜೊತೆಗೆ, ಸಂಸಾರದ ಹಳೆಯ ಜಗಳಗಳೆಲ್ಲ ಆ ತಿರುವಿನಲ್ಲಿ ಎದ್ದು ಕೂರುತ್ತವೆ. 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿಗಳು ಸ್ಥಾಪಿಸಿದ ಎಸ್ಕೇಪೀಸ್ ಎಂಬ ಸಂಘ ಹೊಸಬರಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. 1991ರಲ್ಲಿ ಆರ್‌ವಿಂಗ್ ವಿಮೆನ್ ಎಂದು ಹೆಂಗಸರದೇ ಸಂಘ ಹುಟ್ಟಿತು. 1999ರಲ್ಲಿ ಮೊದಲಾದ ಸಿಸ್ಟರ್ಸ್ ಆನ್ ದಿ ಫ್ಲೈ ಎಂಬ ಬಳಗದ ಹೆಂಗಸರು ಹಳೆಯ ಟ್ರೇಲರುಗಳನ್ನು ತಾವೇ ಎಳೆದುಕೊಂಡು ಮೀನು ಹಿಡಿಯಲು ಹೋಗುವರು. ಇಂಥ ಕೂಟಗಳಲ್ಲಿ ಐದಡಿ ಎತ್ತರದ ಅಜ್ಜಿಯೊಬ್ಬಳು 40 ಅಡಿಯ ವಾಹನವನ್ನು ತಂದು ನಿಲ್ಲಿಸುವುದನ್ನು ನೋಡುವುದು ಹತ್ತು ಉಪನ್ಯಾಸಗಳಿಗೆ ಸಮಾನ.

ಸರ್ಕಾರದ ಪಾತ್ರ ಇದರಲ್ಲಿ ಅಲ್ಪ. ಎಷ್ಟೋ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಕ್ಯಾಲಿಫೋರ್ನಿಯ 40 ಅಡಿ ಮೀರಿದ ಮೋಟರ್‌ಹೋಮಿಗೂ, ಟೆಕ್ಸಾಸ್ 26,000 ಪೌಂಡು ಮೀರಿದವಕ್ಕೂ ಬೇರೆ ವರ್ಗದ ಲೈಸೆನ್ಸನ್ನು ಕೇಳುತ್ತವೆ. ಸಡಿಲವಾದ ನಿಯಮ ಎಲ್ಲರಿಗೂ ಅನುಕೂಲವೆಂದು ತೋರಿದರೂ, ಹೆಂಗಸಿಗೆ ಅದರಿಂದ ನಷ್ಟವೇ ಹೆಚ್ಚೆಂದು ನನ್ನ ಎಣಿಕೆ. ಪರೀಕ್ಷೆಯಿಲ್ಲದ ಕಡೆ ಗಂಡಸಿನ ಸಾಮರ್ಥ್ಯವನ್ನು ಲೋಕ ಸುಮ್ಮನೆ ಒಪ್ಪಿಕೊಳ್ಳುತ್ತದೆ, ಹೆಂಗಸಿನದನ್ನು ಒಪ್ಪುವುದಿಲ್ಲ. ಒಂದು ಪರೀಕ್ಷೆಯಿದ್ದು, ಅದರಲ್ಲಿ ತೇರ್ಗಡೆಯಾದ ಕಾಗದ ಕೈಯಲ್ಲಿದ್ದರೆ, ಲೋಕಕ್ಕಲ್ಲದಿದ್ದರೂ ತನಗೆ ತಾನೇ ತೋರಿಸಿಕೊಳ್ಳಲು ಬರುತ್ತಿತ್ತು.

ಇದೆಲ್ಲ ಅನುಕೂಲಸ್ಥರ ಸಮಸ್ಯೆಯಲ್ಲವೆ ಎಂದು ಕೇಳಬಹುದು. ಬಹುಮಟ್ಟಿಗೆ ಹೌದು, ದೊಡ್ಡ ಡೀಸೆಲ್ ಮೋಟರ್‌ಹೋಮಿನ ಬೆಲೆಗೆ ಒಂದು ನಿಜವಾದ ಮನೆಯೇ ಬರುವುದು. ಆದರೆ ಬಾಡಿಗೆ ಕೊಡಲಾರದೆ ವಾಹನಗಳಲ್ಲಿಯೇ ಬಾಳುತ್ತ, ಕೆಲಸ ಸಿಕ್ಕಿದೆಡೆಗೆ ಊರಿಂದೂರಿಗೆ ಹೋಗುವ ವೃದ್ಧೆಯರೂ ಆ ದೇಶದಲ್ಲಿದ್ದಾರೆ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಅಂಥವರದು. ಅವರಿಗೆ ಪಕ್ಕದ ಆಸನವೆಂಬುದೇ ಇರಲಿಲ್ಲ. ಓಡಿಸಬಲ್ಲೆನೆ ಎಂದು ತಮ್ಮನ್ನು ಕೇಳಿಕೊಳ್ಳುವ ಬಿಡುವನ್ನೂ ಬಡತನ ಕೊಡಲಿಲ್ಲ.

ನಮ್ಮ ಕಡೆಯ ಮಾತನ್ನೂ ಒಂದಿಷ್ಟು ಹೇಳಬೇಕು. 1993ರಲ್ಲಿ ತಮಿಳುನಾಡಿನ ಸರ್ಕಾರಿ ಬಸ್ಸಿಗೆ ವಸಂತಕುಮಾರಿ ಎಂಬಾಕೆ ಚಾಲಕಿಯಾದಳು. ಬೆಂಗಳೂರಿನ ನಗರಸಾರಿಗೆಯಲ್ಲಿ ಆ ಸ್ಥಾನವನ್ನು ಮೊದಲು ಪಡೆದವಳು ಪ್ರೇಮಾ ರಾಮಪ್ಪ. ಆದುದರಿಂದ ಗಾತ್ರ ನಮ್ಮ ಹೆಣ್ಣುಮಕ್ಕಳಿಗೆ ಹೊಸದೆಂದು ಯಾರೂ ಹೇಳುವಂತಿಲ್ಲ. ಆದರೆ ಬೆಂಗಳೂರಿನಲ್ಲಿ ಸ್ಕೂಟರಿನ ಮೇಲೆ ಬೆಳೆದು ಅಮೆರಿಕಕ್ಕೆ ಹೋದವರಿಗೆ ಇನ್ನೊಂದು ಬಗೆಯ ತೊಡಕುಂಟು. ನನ್ನ ಸೋದರಸೊಸೆ ಅದನ್ನು ತಾನೇ ಕಂಡುಕೊಂಡಳು. ಬಸ್ಸಿಗೂ ಆಟೋಗೂ ನಡುವಿನ ಒಂದೂವರೆ ಅಡಿಯಲ್ಲಿ ನುಸುಳಿ, ಗುಂಡಿಯನ್ನು ತಪ್ಪಿಸಿ, ಸಿಗ್ನಲ್ ಹಸುರಾಗುವ ಮೊದಲೇ ಮುಂದಿನ ಸಾಲಿಗೆ ಬಂದು ನಿಲ್ಲುವ ವಿದ್ಯೆಯಲ್ಲಿ ಆಕೆ ಪಾರಂಗತೆ. ಅದು ಸಣ್ಣದಾಗುವ ವಿದ್ಯೆ. ‘ಮಾವ, ಇಪ್ಪತ್ತು ವರ್ಷ ನುಸುಳೋದನ್ನೇ ಕಲಿತಿದೀನಿ, ಇದು ನುಸುಳೋದೇ ಇಲ್ಲವಲ್ಲ’ ಎಂದು ಆ ಬಯಲಿನ ಅಭ್ಯಾಸದ ದಿನ ನಕ್ಕಿದ್ದಳು.

ಹಿಂದಿರುಗುವ ದಾರಿಯಲ್ಲಿ ಕೊನೆಯ ರಾತ್ರಿಯ ಬಿಡಾರವನ್ನು ನಾವು ಸೇರಿದಾಗ ಕತ್ತಲಾಗುತ್ತಿತ್ತು. ಆ ದಿನವೆಲ್ಲ ಅವಳೇ ಓಡಿಸಿದ್ದಳು. ಗಂಡ ಹಿಂದಿನ ಸೋಫಾದಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತೂಕಡಿಸುತ್ತಿದ್ದ. ನಾನು ಅಡಿಗೆಯ ಕಟ್ಟೆಯ ಬಳಿ, ಜಾರಿ ಬೀಳದಂತೆ ಕಾಫಿಯ ಫಿಲ್ಟರನ್ನು ಒಂದು ಕೈಯಲ್ಲಿಯೂ ಸಕ್ಕರೆಯ ಡಬ್ಬಿಯನ್ನು ಇನ್ನೊಂದರಲ್ಲಿಯೂ ಹಿಡಿದುಕೊಂಡು ನಿಂತಿದ್ದೆ. ನಮ್ಮ ಅಂಕಣ ಎರಡು ಮರಗಳ ಮಧ್ಯೆ ಇದ್ದಿತು, ದಾರಿ ಕಿರಿದು. ಅವಳು ಹಿಂದೆ ತೆಗೆಯಲಾರಂಭಿಸಿ, ನಿಲ್ಲಿಸಿ, ಟಾರ್ಚು ಹಿಡಿದು ಇಳಿದಳು. ಅಷ್ಟರಲ್ಲಿ ನಮ್ಮ ಹಿಂದೆ ಒಂದು, ಅದರ ಹಿಂದೆ ಮತ್ತೊಂದು, ಹೀಗೆ ಮೂರು ವಾಹನಗಳು ದೀಪ ಹಚ್ಚಿಕೊಂಡು ಕಾಯತೊಡಗಿದವು. ಪಕ್ಕದ ಕಿಟಕಿಯಿಂದ ನಾನು ನೋಡುತ್ತಿದ್ದೆ. ಆ ದೀಪಗಳ ಬೆಳಕಿನಲ್ಲಿ ಅವಳು ಅತ್ತ ಕೈ ಬೀಸಿ ಕ್ಷಮೆ ಕೇಳಲಿಲ್ಲ, ಹೆಜ್ಜೆಯನ್ನು ಬಿರುಸುಮಾಡಲೂ ಇಲ್ಲ. ಮರದ ಬುಡಕ್ಕೆ ಟಾರ್ಚು ಬಿಟ್ಟು, ಕೊಂಬೆಗೆ ಬಿಟ್ಟು, ಹೆಜ್ಜೆಯಿಂದ ಏನನ್ನೋ ಅಳೆದು ಬಂದು ಹತ್ತಿದಳು. ಮನೆ ಎಂಟು ಹತ್ತು ಅಡಿ ಹಿಂದಕ್ಕೆ ಸರಿಯಿತು. ಸಾಲಿನ ಕೊನೆಯಲ್ಲಿ ಯಾರೋ ಒಂದು ಸಲ ಹಾರನ್ ಒತ್ತಿದರು. ಅವಳು ಬ್ರೇಕನ್ನು ಭದ್ರಮಾಡಿ, ಟಾರ್ಚನ್ನು ಎತ್ತಿಕೊಂಡು, ಮತ್ತೆ ಇಳಿದಳು.